ಕೆಂಪು ತಲೆಯ ಗೂಟಗಳು

ಮಾರ್ಚ್ ಬಂತೆಂದರೆ ಗೂಟಗಳ ತಲೆಗೆ ಬಣ್ಣ ಬಳಿಯುತ್ತೇನೆ.
ಮೂರು ಕಿಲೋಮೀಟರಿನ ಸುತ್ತಿಗೆ ಕೆಂಪು, ಏಳರದಕ್ಕೆ ಹಳದಿ,
ಗಾಲಿಕುರ್ಚಿ ಉರುಳುವ ಗಟ್ಟಿ ದಾರಿಗೆ ನೀಲಿ.
ಡ್ರೆಂಟೆಯ ಗಾಳಿ ಅರ್ಧ ಬಣ್ಣವನ್ನು ನನ್ನ ಕೋಟಿಗೇ ಬಳಿಯುತ್ತದೆ.
"ಈ ಸಲ ನೀನು ಯಾವ ದಾರಿ?" ಎನ್ನುತ್ತಾಳೆ ಹಿಲ್ಲೆಖೀನ್,
ತೋಳು ನೋಡಿ, ಕಾಫಿ ಬಗ್ಗಿಸುತ್ತ.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು.
ದಾರಿ ಬಿಟ್ಟು ಇಳಿಯಬೇಡಿ ಅನ್ನುವುದು
ನನ್ನ ಬಾಯಿಗೆ ಹೊಸ ಮಾತಲ್ಲ.

ಫಲಕದಲ್ಲಿ ಎಲ್ಲ ಇದೆ, ಯಾರೂ ಓದುವುದಿಲ್ಲ.
ಅದಕ್ಕೇ ನಾನಿದ್ದೇನೆ, ಹಸಿರು ಟೋಪಿ ಹಾಕಿದ ಫಲಕ:
ನಾಯಿಗೆ ಹಗ್ಗ ಕಟ್ಟಿ, ತಾಯಿ;
ಅದು ಸಾಧು ಅಂತ ನಿಮಗೆ ಗೊತ್ತು, ಹಕ್ಕಿಗೆ ಗೊತ್ತಿಲ್ಲ.
ನತ್ತಿಂಗ ಗೂಡು ಕಟ್ಟುವುದಿಲ್ಲ ಸಾರ್,
ಬರಿ ನೆಲದ ಮೇಲೆ ಎರಡು ಮೊಟ್ಟೆ ಇಟ್ಟು
ತಾನೇ ಒಂದು ತರಗೆಲೆಯಾಗಿ ಕೂತುಬಿಡುತ್ತದೆ,
ನಿಮ್ಮ ಬೂಟು ಗೇಣು ದೂರಕ್ಕೆ ಬರುವವರೆಗೂ.
ಕುರಿಮಂದೆ ಎದುರಾದರೆ ನಿಂತುಬಿಡಿ,
ಹಾದಿ ಅವುಗಳದು; ನಾವು ಆಮೇಲೆ ಬಂದವರು.
ಹೂ ಕೀಳಬೇಡಿ. ಒಂದನ್ನೂ.
ಹೌದು, ಆಗಸ್ಟಿನಲ್ಲಿ ಕೋಟಿಗಟ್ಟಲೆ ಇರುತ್ತವೆ. ಆದರೂ.

ನಾಯಿಯ ಹೇಲು ಎತ್ತಿ ಎಂದಾಗ ಮಾತ್ರ ನಗುತ್ತಾರೆ:
"ಗೊಬ್ಬರ ತಾನೇ ಅಜ್ಜ, ನೆಲಕ್ಕೆ ಒಳ್ಳೆಯದು!"
ಈ ಮರಳು ನೆಲ ಉಳಿದಿರುವುದೇ ಉಪವಾಸದಿಂದ.
ಒಂದು ತುತ್ತು ಹೆಚ್ಚಾದರೆ ಹುಲ್ಲು ಏಳುತ್ತದೆ,
ಹುಲ್ಲೆದ್ದರೆ ಹೀದರ್ ಸಾಯುತ್ತದೆ, ಅದರ ಬೆನ್ನಿಗೆ
ನೀಲಿ ಚಿಟ್ಟೆ, ಮರಳು ಹಲ್ಲಿ, ಜೇನಿನವನ ಪೆಟ್ಟಿಗೆ.
ಬಡವಾ ನೀ ಮಡಗಿದಂಗಿರು ಅನ್ನುವ ಮಾತು
ಮನುಷ್ಯನಿಗೆ ಹೇಳಿದರೆ ಪಾಪ;
ಈ ನೆಲಕ್ಕೆ ಹೇಳಿದರೆ ಆಶೀರ್ವಾದ.

ಹೋದ ಜೂನಿನಲ್ಲಿ ಯಾನ್ಟಿನುಸ್ ಬಂದ,
ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.
ಒಳಗೆ ಬಿಸ್ಕತ್ತಿರಲಿಲ್ಲ. ಹೆಂಡತಿ ಇದ್ದಳು, ರೂಲ್ಫೀನ್.
ಆ ಜುನಿಪರ್ ಪೊದೆ ಕಾಣುತ್ತದಲ್ಲ, ದಾರಿಯಿಂದ ಹತ್ತು ಹೆಜ್ಜೆ,
ಅಲ್ಲಿ ಅವಳೊಮ್ಮೆ ಇನ್ನು ನಡೆಯಲಾರೆನೆಂದು ಕೂತಿದ್ದಳಂತೆ.
ಅಲ್ಲಿಯೇ ಸುರಿಯಬೇಕು ಎಂದ.
ನಾನು ಫಲಕದಂತೆ ಮಾತಾಡಿದೆ:
ಮೊಟ್ಟೆಯ ಕಾಲ, ದಾರಿ ಬಿಡುವಂತಿಲ್ಲ,
ಬೂದಿಯೂ ಗೊಬ್ಬರವೇ.
"ಅವಳು ಮೂರು ಕಿಲೋ ಕೂಡ ಇಲ್ಲ," ಎಂದ.
"ಹಾಗಾದರೆ ಇಲ್ಲಿ ಮನುಷ್ಯ ಏನು ಬಿಟ್ಟು ಹೋಗಬಹುದು?"
ಆ ಪ್ರಶ್ನೆಗೆ ಕೈಪಿಡಿಯಲ್ಲಿ ಪುಟವಿಲ್ಲ.

ಡಬ್ಬಿ ಹೊತ್ತು ಕೆಂಪು ಸುತ್ತು ಪೂರಾ ನಡೆದ, ನಾನೂ ಹಿಂದೆ.
ಹತ್ತು ಗಂಟೆಯಾದರೂ ಬೆಳಕು ಆರದ ಸಂಜೆ.
ಎಲ್ಲೋ ನತ್ತಿಂಗ ಶುರುಮಾಡಿತು,
ಪಕ್ಕದ ಕೋಣೆಯಲ್ಲಿ ಯಾರೋ ನಿಲ್ಲಿಸಲು ಮರೆತ
ಹೊಲಿಗೆ ಯಂತ್ರದಂತೆ.
ಕೊನೆಯ ಬೆಂಚಿನ ಮೇಲೆ ಅವನು ಬೂಟು ಕಳಚಿದ,
ಒಳಗಿನ ಮರಳನ್ನು ದಾರಿಯಂಚಿಗೆ ಕೊಡವಿ
ನನ್ನತ್ತ ನೋಡಿದ: "ಇದು ನಡೆಯುತ್ತದಾ?"
ಅದು ಇಲ್ಲಿಯದೇ, ಎಂದೆ.
ಡಬ್ಬಿಯನ್ನು ಕಾರಿನ ಮುಂದಿನ ಸೀಟಿಗಿಟ್ಟು ಬೆಲ್ಟು ಹಾಕಿದ.

ಇವತ್ತು ಮತ್ತೆ ಮಾರ್ಚ್, ಇಪ್ಪತ್ತೊಂದು.
ಹನ್ನೆರಡನೆಯ ಗೂಟ. ಕುಂಚ ಎತ್ತಿದವನು ನೋಡುತ್ತೇನೆ:
ಜುನಿಪರಿನ ಬುಡದಲ್ಲಿ ಒಂದು ಮೊರದಗಲ ಹುಲ್ಲು,
ಸುತ್ತಣ ಕಂದು ಬಯಲಿನಲ್ಲಿ ನಾಚಿಕೆಯಿಲ್ಲದ ಹಸಿರು.
ಚಳಿಗಾಲದಲ್ಲಿ, ನಾನಿಲ್ಲದ ಯಾವುದೋ ಗುರುವಾರ.

ಕಿತ್ತು ಹಾಕಬೇಕು. ಫಲಕಕ್ಕೆ ಅಕ್ಷರ ಬರೆದದ್ದೇ ನಾನು.
ಆದರೆ ಕೀಳಬೇಕೆಂದರೆ ದಾರಿ ಬಿಟ್ಟು ಇಳಿಯಬೇಕು,
ನೆಲಗುಬ್ಬಿ ಆಗಲೇ ಜೋಡಿ ಕಟ್ಟಿದೆ,
ಹದಿನೈದರಿಂದ ಜುಲೈವರೆಗೆ ಯಾರೂ ಇಳಿಯುವಂತಿಲ್ಲ,
ಯಾರೂ ಅಂದರೆ ಯಾರೂ.

ಗೂಟಕ್ಕೆ ಕೆಂಪು ಬಳಿದೆ, ಎರಡು ಸಲ,
ಹನಿ ನೆಲಕ್ಕೆ ಬೀಳದಂತೆ ಅಂಗೈ ಒಡ್ಡಿ.