ಷೆಡ್ಡಿನ ಅಳತೆ

ಡಿಸೆಂಬರ್, ಆಶಿಂಗ್ಟನ್. ಮಧ್ಯಾಹ್ನ ಮೂರೂವರೆಗೇ
ಬೀದಿದೀಪ ಹತ್ತಿ ನಮ್ಮ ಹಿತ್ತಿಲು
ಕಿತ್ತಳೆ ಬಣ್ಣಕ್ಕೆ ತಿರುಗಿದೆ.
ಷೆಡ್ಡಿನೊಳಗಿಂದ, ಕಬ್ಬಿಣದ ಟೇಪು ಹಿಡಿದು,
ನನ್ನ ಗಂಡ ಕಥ್‌ಬರ್ಟ್ ಕೂಗುತ್ತಾನೆ: "ಬರ್ಕೋ."
ಬರೆದುಕೊಳ್ಳುತ್ತೇನೆ, ಗ್ಯಾಸ್ ಬಿಲ್ಲಿನ ಬೆನ್ನಿಗೆ.

ಉದ್ದ ಎಂಟಡಿ, ಅಗಲ ಆರು.
ಮಾಡು ಇಳಿಜಾರು: ಈ ಕಡೆ ಏಳಡಿ, ಅಲ್ಲಿ ಬಾಗಿಲು;
ಆ ಕಡೆ ಐದಡಿ ಮೂರಿಂಚು, ಅಲ್ಲಿ ಜೇಡ.
ಕ್ಯಾಟಲಾಗಿನ ಗುಡಾರಗಳೆಲ್ಲ
ಕವಾಯತಿಗೆ ನಿಂತಂತೆ ನೆಟ್ಟಗೆ, ಆರಡಿ ಎಂಟಿಂಚು.
ಒಳಗೆಲ್ಲ ಬೆಳ್ಳಿ ಕಾಗದ, ಹೊರಗೆ ಕಪ್ಪು,
ನಾಲ್ಕಡಿ ಚೌಕದ್ದೇ ಬೇಕೆಂದು ಇವನ ಹಟ.
"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದೆ.
"ಹಾಸಿಗೆ ಲೀಕ್‌ಗೆ," ಅಂದ, "ಕಾಲು ನಂದಲ್ಲ."

ಲೀಕ್ ಅಂದರೆ ಈರುಳ್ಳಿಯ ನೀಳ ಬಿಳಿ ತಂಗಿ.
ಸೂಪಿಗೆ ಹಾಕಿದರೆ ಎರಡು ದಿನದ ಮಾತು.
ಇಲ್ಲಿ ಅದು ಸೂಪಿಗಲ್ಲ.
ಸೆಪ್ಟೆಂಬರಿನ ಒಂದು ಶನಿವಾರ, ಕ್ಲಬ್ಬಿನ ಹಾಲಿನಲ್ಲಿ,
ತೊಳೆದು, ಒರೆಸಿ, ಬೇರು ಬಾಚಿ,
ಕಪ್ಪು ಮಖಮಲ್ಲಿನ ಮೇಲೆ ಮಲಗಿಸುತ್ತಾರೆ,
ಎಳೆಗೂಸಿನ ತೊಡೆಯಷ್ಟು ದಪ್ಪ.
ಮೂವರು ಮುದುಕರು ಉಸಿರು ಬಿಗಿಹಿಡಿದು
ಸುತ್ತಳತೆ ತೆಗೆಯುತ್ತಾರೆ.
ಈ ಸಲ ಗೆದ್ದವನು ಆರ್ಚಿ ಹೆಸ್ಲಪ್,
ಅರ್ಧ ಇಂಚಿನಲ್ಲಿ.
ಆ ಅರ್ಧ ಇಂಚು ಮೂರು ತಿಂಗಳಿಂದ
ದಿನಾ ನಮ್ಮ ಜೊತೆ ಊಟಕ್ಕೆ ಕೂರುತ್ತಿದೆ.

ದೀಪಕ್ಕೆಂದು ನ್ಯೂಕಾಸಲ್ಲಿಗೆ ಹೋದೆವು.
ಕತ್ತಿನ ತುಂಬ ಹಚ್ಚೆಯ ಹುಡುಗ ಕೇಳಿದ:
"ಏನ್ ಬೆಳೀತೀರಿ?"
"ಲೀಕ್."
"ಹೌದೌದು," ಅಂತ ಕಣ್ಣು ಹೊಡೆದ,
"ಇಲ್ಲಿಗೆ ಬರೋರೆಲ್ಲ ಟೊಮೇಟೊನೇ ಬೆಳೆಯೋದು."
ಕಥ್‌ಬರ್ಟನಿಗೆ ಅರ್ಥವಾಗಲಿಲ್ಲ,
ಟೊಮೇಟೊಗೆ ಇಷ್ಟು ಬೇಗನೇ ಯಾಕೆ ದೀಪ ಅಂತ
ಬಸ್ಸಿನಲ್ಲಿ ಮೊರ್ಪೆತ್ ದಾಟುವವರೆಗೂ ಯೋಚಿಸಿದ.

ಸೋಡಿಯಂ ಬಲ್ಬು ಆರುನೂರು ವಾಟ್. ಆರ್ಚಿಯದು ಅದೇ.
ಬೆಳಕು ಕೊಂಡರೆ ಬಿಸಿ ಪುಕ್ಕಟೆ.
ಎಲ್‌ಇಡಿಗೆ ನೂರೈವತ್ತು ಸಾಕು. ಅದರಲ್ಲೂ ಎರಡು ಬಗೆ.
ನೇರಳೆಯದು ಹಚ್ಚಿದರೆ ಷೆಡ್ಡು ಡಿಸ್ಕೋ ಆಗುತ್ತದೆ,
ಎದುರುಮನೆ ಮಿಸೆಸ್ ಡೋಡ್ಸ್ ಪರದೆ ಸರಿಸುತ್ತಾಳೆ,
ಪೊಲೀಸಿನವನು ಬಂದು ಜಿಪ್ಪೆಳೆದು ಮೂಸುತ್ತಾನೆ.
ಬಿಳಿಯದೇ ಇರಲಿ ಎಂದೆ.
ಹದಿನಾಲ್ಕು ಗಂಟೆಗೆ ಎರಡು ಯೂನಿಟ್ಟು ಚಿಲ್ಲರೆ;
ಆರ್ಚಿಗೆ ಎಂಟೂವರೆ ಹತ್ತಿರ. ಉರಿಯಲಿ ಅವನ ಮೀಟರು.

ಗುಡಾರ ಬಂತು. ನಿಲ್ಲಲಿಲ್ಲ.
ತೂರಿಸಿದರೆ ತಲೆ ಬಗ್ಗಿಸಿಕೊಂಡು ನಿಂತಿತು,
ಶಾಲೆಯಲ್ಲಿ ಶಿಕ್ಷೆಗೆ ಗುರಿಯಾದ ಹುಡುಗನ ಹಾಗೆ.
ವಾಪಸು ಕಳಿಸೋಣ ಎಂದೆ. ಚಿಕ್ಕದು ತರಿಸೋಣ.
ಇವನು ಮಾಡು ನೋಡಿದ. ನೆಲ ನೋಡಿದ.
"ಮೇಲೆ ಹೋಗಕ್ಕಾಗದಿದ್ರೆ," ಅಂದ,
ಹಲಗೆಗೆ ಹಾರೆ ಕೊಟ್ಟು ಎಬ್ಬಿಸತೊಡಗಿದ.

ಎಪ್ಪತ್ತೆರಡು ವಯಸ್ಸು. ಇಪ್ಪತ್ತು ವರ್ಷ
ಕಲ್ಲಿದ್ದಲ ಗಣಿ; ಮುಚ್ಚಿದ ಮೇಲೆ ಬಿಸ್ಕತ್ತಿನ ಫ್ಯಾಕ್ಟರಿ.
ಬಿಸ್ಕತ್ತಿನ ಬಗ್ಗೆ ಒಂದು ಮಾತೂ ಆಡಿದವನಲ್ಲ.
ಮೂರು ದಿನ ಅಗೆದ.
ಗೋಡೆ ನೇರ, ಮೂಲೆಗೆ ಮರದ ಆನಿಕೆ, ಹೇಳಿಕೊಟ್ಟಂತೆ.
ಸಿಕ್ಕಿದ್ದು: ಒಂದು ಚಮಚ, ಅವರಪ್ಪ ಸಾಕಿದ
ಪಂದ್ಯದ ಪಾರಿವಾಳದ ಕಾಲುಂಗುರ ಒಂದು.
ಉಂಗುರದ ನಂಬರು ಗಟ್ಟಿಯಾಗಿ ಓದಿ ಜೇಬಿಗಿಟ್ಟ.
ಒಂದಡಿ ಐದಿಂಚಿಗೆ ಸರಿಯಾಗಿ ನಿಲ್ಲಿಸಿದ.
ಊಟಕ್ಕೆ ಕರೆಯಹೋದರೆ ಸೊಂಟದವರೆಗೆ ನೆಲದೊಳಗೆ,
ಹಣೆಗೆ ಟಾರ್ಚು ಕಟ್ಟಿಕೊಂಡು, ಶಿಳ್ಳೆ ಹಾಕುತ್ತಿದ್ದ.
ಮದುವೆಯಾದ ಹೊಸತರಲ್ಲಿ ಹಾಕುತ್ತಿದ್ದ ಶಿಳ್ಳೆ.
ಕರೆಯದೆ ಬಂದೆ. ಸೂಪು ಮತ್ತೆ ಬಿಸಿಮಾಡಿದೆ.

ಈಗ ಹೊಸ್ತಿಲು ದಾಟಿ ಗುಡಾರಕ್ಕೆ ಇಳಿಯಬೇಕು.
ಜಿಪ್ಪೆಳೆದರೆ ಬೆಳಕು ಮುಖಕ್ಕೆ ಸುರಿಯುತ್ತದೆ.
ತಟ್ಟೆಯಲ್ಲಿ ನಲವತ್ತು ಸಸಿ, ಕೂದಲೆಳೆಯಷ್ಟು,
ಬೀಜದ ಕರೀ ಸಿಪ್ಪೆ ಇನ್ನೂ ತುದಿಗೇ ಅಂಟಿದೆ.
"ಕೈ ಇಡು" ಅಂದ. "ದೀಪದ ಕೆಳಗೆ, ಎಲೆಯ ಮಟ್ಟಕ್ಕೆ.
ಅಂಗೈ ಅಲ್ಲ, ಹಿಂಗೈ. ಬಿಸಿ ಅನ್ನಿಸಿದ್ರೆ ಹೇಳು."
"ನೀನೇ ಇಡು."
ಅವನೂ ಇಟ್ಟ, ನನ್ನದರ ಪಕ್ಕಕ್ಕೆ.
ಚರ್ಮದೊಳಗೆ ಉಳಿದ ಕಲ್ಲಿದ್ದಲು ನೀಲಿ ಗೆರೆಗಳಾಗಿ
ಆ ಬಿಳುಪಿನಲ್ಲಿ ಒಂದೊಂದೂ ಕಂಡಿತು.
"ಡ್ರಿಲ್ಲು ಹಿಡಿದ ಬೆರಳು," ಅಂದ,
"ಇದಕ್ಕೇನೂ ಗೊತ್ತಾಗಲ್ಲ."

ಕೈ ಹಿಡಿದೇ ಇದ್ದೆ, ಬೇಕಾದ್ದಕ್ಕಿಂತ ತುಸು ಹೊತ್ತು.
"ಒಂದು ಹಲ್ಲು ಮೇಲಕ್ಕೆ," ಅಂದೆ.
ಸರಪಳಿ ಒಂದು ಹಲ್ಲು ಏರಿಸಿದ.
"ಈಗ?"
"ಇನ್ನೊಂದು."