ಒಂಬತ್ತು ಸೀಟು

ಮುಂದೆ ಸೋಫಾ, ಇಪ್ಪತ್ತೈದು ರಿಯಾಲು, ಟೀಪಾಯಿಯ ಮೇಲೆ ಗೋಡಂಬಿ.
ನಡುವೆ ಹತ್ತು, ಕುರ್ಚಿಗಳಿಗೆ ಬಿಳಿ ಬಟ್ಟೆಯ ಅಂಗಿ.
ನನ್ನದು ಎರಡು ರಿಯಾಲು: ಬಾಗಿಲಿನ ಪಕ್ಕ, ಏಸಿಯ ಕೆಳಗೆ.
ಇದರ ಫಿಲ್ಟರ್ ತೊಳೆದು ಆರು ತಿಂಗಳಾಗಿದೆ,
ಸದ್ದು ಕೇಳಿದರೇ ಗೊತ್ತಾಗುತ್ತದೆ. ನನ್ನ ಕಸುಬು ಅದು.

ರೂವಿಯ ಶಾಲೆಯೊಂದರ ಸಭಾಂಗಣ, ಶುಕ್ರವಾರ.
ಹೊರಗೆ ಕತ್ತಲಾದರೂ ಬೋಳು ಗುಡ್ಡಗಳು
ಒಲೆ ಆರಿಸಿದ ಮೇಲಿನ ಕಾವಲಿಯ ಹಾಗೆ
ಇನ್ನೂ ಸುಡುತ್ತಿವೆ.
ಒಳಗೆ ಪಟ್ಟೆಸೀರೆಗಳ ಸರಭರ. ಕೀಬೋರ್ಡಿನವನು
ಒಂದೇ ಸ್ವರವನ್ನು ಒತ್ತಿ ಒತ್ತಿ ನೋಡುತ್ತಾನೆ,
"ಕೇಳ್ತದಾ? ಹಿಂದೆ ಕೇಳ್ತದಾ?"
ಕೇಳ್ತದೆ ಮಾರಾಯ, ನಾನು ಕೇಳಲಿಕ್ಕೇ ಬಂದವನು.

ದೀಪ ಆರಿತು. ಪರದೆಯ ಮೇಲೆ ಯಮನೂರಪ್ಪ,
ಮಾನ್ವಿ ಕಡೆಯವನು, ಸೊಹಾರಿನ ಆಸ್ಪತ್ರೆ,
ಮೂಗಿಗೆ ನಳಿಕೆ, ಕಣ್ಣು ಅರ್ಧ ಮುಚ್ಚಿದೆ,
ಚಿಲಕ ಸರಿಯಾಗಿ ಕೂರದ ಬಾಗಿಲಿನ ಹಾಗೆ.
ಕೂತು ಹೋಗುವವನಿಗೆ ಒಂದು ಟಿಕೆಟ್ಟು ಸಾಕು.
ಮಲಗಿ ಹೋಗುವವನಿಗೆ ಹೈದರಾಬಾದಿನ ತನಕ
ಒಂಬತ್ತು ಸೀಟು ಬೇಕಂತೆ.
ನಿರೂಪಕಿ ಪ್ರಮೀಳಾ ಅಮೀನ್ ಅದನ್ನು ಎರಡು ಸಲ ಹೇಳಿದಳು;
ಎರಡನೆಯ ಸಲ ಹಾಳೆ ನೋಡಲಿಲ್ಲ.

ಈ ಪರದೆಯ ಮೇಲೆ ಮೂರು ವರ್ಷದ ಹಿಂದೆ ನಾನಿದ್ದೆ.
ಬರ್ಕಾದಲ್ಲಿ ಮೂರನೇ ಮಾಳಿಗೆಯ ಹೊರಗೋಡೆ,
ಯಂತ್ರ ಉಳಿಯಿತು, ನಾನು ಬಿದ್ದೆ.
ಸಮಿತಿಯವರು ಫೋಟೋ ತೆಗೆಯಲು ಬಂದಾಗ
ಊರವರು ಬಂದರಲ್ಲ ಎಂದು ನಕ್ಕುಬಿಟ್ಟೆ.
"ನಗಬೇಡಿ ಮಾರಾಯ್ರೆ," ಎಂದರು ಜಯಕರಣ್ಣ, ಮೆಲ್ಲಗೆ,
"ನಕ್ಕರೆ ಐನೂರು ರಿಯಾಲು ಕಮ್ಮಿಯಾಗ್ತದೆ."
ಹಾಗಾಗಿ ನಗಲಿಲ್ಲ.
ಬ್ಯಾನರಿನಲ್ಲಿ ಮಾಧವ ಖಾರ್ವಿ ಹೋಗಿ
ಮಹಾದೇವ ಖಾರ್ವಿ ಎಂದು ಅಚ್ಚಾಗಿತ್ತು.
ಇರಲಿ, ದುಡ್ಡು ಸರಿಯಾದ ಕಾಲಿಗೇ ಬಂದು ಸೇರಿತು.

ಆ ರಾತ್ರಿ ವಾರ್ಡಿನಲ್ಲಿ ಎಚ್ಚರವಿದ್ದೆ.
ನನಗಾಗಿ ಎಲ್ಲೋ ಹಾಡುತ್ತಿದ್ದಾರೆ ಈಗ,
ಏನು ಹಾಡುತ್ತಿರಬಹುದು?
ದೇವರ ನಾಮವೋ? ನಿಧಾನದ್ದು, ಅಳು ಬರುವಂಥದ್ದೋ?
ಪಕ್ಕದ ಮಂಚದ ಬಲೂಚಿ ಮುದುಕ ಗೊರಕೆ ಹೊಡೆಯುತ್ತಿದ್ದ.
ಮರುದಿನ ಬಂದವರು ಮೊತ್ತ ಹೇಳಿದರು,
ಚೆಕ್ಕು ತೋರಿಸಿದರು, ಕಿತ್ತಳೆ ಸುಲಿದು ಕೊಟ್ಟರು.
ಹಾಡು ಯಾವುದೆಂದು ಯಾರೂ ಹೇಳಲಿಲ್ಲ,
ಕೇಳಲು ನನಗೂ ನಾಚಿಕೆ:
ಋಣದಲ್ಲಿ ಬಿದ್ದವನು ರಾಗ ಕೇಳಬಾರದಲ್ಲ.

ಈಗ ಗೊತ್ತಾಯಿತು.
ಮೊದಲು ಗಣಪತಿ, ಆಮೇಲೆ ನೇರ ಕುಣಿತದ ಹಾಡು.
ಗೋಡಂಬಿ ಸಾಲಿನವರು ಕೈಯೆತ್ತಿ ಕುಣಿದರು,
ಒಬ್ಬ ಅಪ್ಪ ಮಗಳನ್ನು ಹೆಗಲಿಗೇರಿಸಿಕೊಂಡ.
ಹೊಟ್ಟೆಯೊಳಗೆ ಚುರುಕ್ ಎಂದಿತು ನನಗೆ.
ಅಂದೂ ಹೀಗೆಯೇ? ನಾನು ಬಿದ್ದದ್ದಕ್ಕೆ ಈ ಸಿಳ್ಳೆಯೇ?
ಅಷ್ಟರಲ್ಲಿ ಸರಳು ಹಾಕಿದ ಕಾಲು, ನನ್ನನ್ನು ಕೇಳದೆ,
ಕುರ್ಚಿಯ ಕೆಳಗೆ ತಾಳ ಹಿಡಿದಿತ್ತು.
ಬೈಯಲಿಕ್ಕೂ ಆಗಲಿಲ್ಲ ಅದನ್ನು.
ಅರ್ಧ ಅವರದೇ ಕಾಲಲ್ಲವೇ.

ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡೆ:
ಎರಡನೇ ಹಾಡಿನಲ್ಲಿ ಮೈಕು ಕೈಕೊಟ್ಟಿತು, ಹಾಡು ನಿಲ್ಲಲಿಲ್ಲ.
ಕೊಪ್ಪಳದ ನರ್ಸ್ ಶಾಂತವ್ವ, ಒಂದು ತತ್ವಪದ,
ಏಕತಾರಿ ಇಲ್ಲ, ಮೇಜು ತಟ್ಟಿಕೊಂಡು.
ಒಬ್ಬ ಹುಡುಗ ಮೂರನೇ ಚರಣ ಮರೆತು
ಮೊದಲನೆಯದನ್ನೇ ಇನ್ನೊಮ್ಮೆ ಹಾಡಿದ,
ಅವನಮ್ಮ ಮಾತ್ರ ಹಣೆ ಚಚ್ಚಿಕೊಂಡಳು.
ಇಲ್ಲಿಯ ತನಕ ಆರೂವರೆ ಸೀಟು.
ಉಳಿದದ್ದಕ್ಕೆ ಡಬ್ಬಿ ಹೊರಟಿದೆ, ಸಾಲಿನಿಂದ ಸಾಲಿಗೆ,
ನನ್ನ ಹತ್ತಿರ ಬರಲು ಇನ್ನೂ ಹೊತ್ತಿದೆ.

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಸೊಹಾರ್.
ಅವನು ನನ್ನನ್ನು ಕಂಡವನಲ್ಲ, ನಾನೂ ಅವನನ್ನು.
ಕೇಳಿಸುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲವಂತೆ.
ಮಂಚದ ಪಕ್ಕ ಕೂತು, ಮೊತ್ತವನ್ನು ಕೊನೆಗಿಟ್ಟು,
ಗಣಪತಿಯಿಂದ ಶುರುಮಾಡುತ್ತೇನೆ.