ಎಚ್ ಸಾಲು

ಮಂಡ್ಯದಲ್ಲಿ ಭಾನುವಾರದ ಮ್ಯಾಟ್ನಿ. ಹನ್ನೊಂದು ಟಿಕೆಟ್ಟು,
ಎಚ್ ಒಂದರಿಂದ ಎಚ್ ಹನ್ನೊಂದು.
ಸೊಸೈಟಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು ನಾನೇ ಅಂತ
ಯಾರ ಪಕ್ಕ ಯಾರು ಅನ್ನೋದೂ ನನ್ನ ತಲೆಗೇ.

ಅಜ್ಜಿಗೆ ಮಂಡಿ ನೋವು, ದಾರಿಯ ಪಕ್ಕದ ತುದಿ ಸೀಟು.
ಅದೊಂದೇ ಸಲೀಸು.

ಕೆಂಪರಾಜು ಮಾವ ಸಕ್ಕರೆ ಕಾರ್ಖಾನೆಯಿಂದ ರಿಟೈರಾದ ಮೇಲೆ
ಮೀಸೆಗೆ ಬಣ್ಣ ಹಚ್ಚಿದ್ದಾನೆ.
"ಹೇಮಾವತಿ ಟೀಚರು, ಇಲ್ಲೇ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು" ಅಂದ,
ಹನ್ನೊಂದನೇ ಟಿಕೆಟ್ಟು ಮೊನ್ನೆಯೇ ಹೇಳಿ ತೆಗೆಸಿದ್ದವನು.
ಮಗಳು ಭವ್ಯ ಹಲ್ಲು ಕಚ್ಚಿ ಪಾಪ್‌ಕಾರ್ನ್ ಎಣಿಸುತ್ತಾಳೆ.
ಅವರಿಬ್ಬರ ನಡುವೆ ಕೂರಿಸಿದರೆ ಗೋಡೆ,
ಆಚೆ ಕೂರಿಸಿದರೆ ಕಾವಲು.
ಕಾವಲೇ ವಾಸಿ ಅಂದುಕೊಂಡೆ.

ಕುಸುಮಾ, ನಂದೀಶ ಮಾತು ಬಿಟ್ಟು ಒಂಬತ್ತು ದಿನ.
ಕಾರಣ ಒಂದು ಕುಕ್ಕರು ಅಂತಾರೆ; ಕುಕ್ಕರಲ್ಲ.
ಮಧ್ಯೆ ಚಿಂಟು, ಐದು ವರ್ಷದ ಅಂಚೆಯವನು:
"ನಿಮ್ಮಪ್ಪಂಗೆ ಹೇಳು, ಕಾಲು ತಗೀಲಿ ಅಂತ."
"ನಿಮ್ಮವ್ವಂಗೆ ಹೇಳು, ಕಾಲು ನಂದು ಅಂತ."

ಇನ್ನು ಯೋಗೇಶ. ಏಳು ವರ್ಷದ ಕೆಳಗೆ
ಕುಸುಮಳನ್ನು ನೋಡಲು ಬಂದು, ಎರಡು ತಟ್ಟೆ ಉಪ್ಪಿಟ್ಟು ತಿಂದು,
ಒಪ್ಪಿಗೆ ಅಂದವನು. ಅವಳು ಒಲ್ಲೆ ಅಂದಳು.
ಈ ಯುಗಾದಿಗೆ ಅದೇ ಮನೆ, ಅದೇ ತಟ್ಟೆ,
ತಂಗಿ ಸುಕನ್ಯಾಳ ಜೊತೆ ನಿಶ್ಚಿತಾರ್ಥ.
ಬಂದಿದ್ದು ಹುಡುಗಿಗೋ ಉಪ್ಪಿಟ್ಟಿಗೋ ಅಂತ ಮನೆಯೆಲ್ಲ ನಕ್ಕಿತು.
ಕುಸುಮಾ ನೀರು ಕೊಟ್ಟಾಗ ಅವನ ಲೋಟ ನಡುಗಿದ್ದನ್ನು
ಯಾರೂ ನೋಡಲಿಲ್ಲ. ನಾನು ನೋಡಿದೆ.
ಸುಕನ್ಯಾಳ ವೇಲಿನ ಕೆಳಗೆ ಫೋನು ಮಿಣುಕುತ್ತದೆ:
ಲೋಹಿತ, ನಂದೀಶನ ತಮ್ಮ, ಇದೇ ಸಾಲಲ್ಲಿ ಮೂರು ಸೀಟು ಆಚೆ.
ಲೋಹಿತನಿಗಾಗಿ ಹೊಸ ಚೂಡಿದಾರ ಹೊಲಿಸಿಕೊಂಡು ಬಂದವಳು ಭವ್ಯ.

ತೆರೆಯ ಮೇಲೂ ಒಂದು ದೊಡ್ಡ ಮನೆ.
ಮೂರು ಮದುವೆ, ಒಂದು ಸುಳ್ಳು, ಕೈತಪ್ಪಿದ ಕಾಗದ,
ಮಂಚದ ಕೆಳಗೆ ಭಾವ.
ಇಡೀ ಟಾಕೀಸು ನಗುತ್ತದೆ.
ಎಚ್ ಸಾಲು ಮಾತ್ರ ತಡವಾಗಿ,
ಒಬ್ಬರ ಮುಖ ಒಬ್ಬರು ನೋಡಿಕೊಂಡು.

ಇಂಟರ್ವಲ್ಲಿನಲ್ಲಿ ನನ್ನ ನಕಾಶೆ ಕೆಟ್ಟಿತು.
ಬಜ್ಜಿಗೆ ಹೋದವರು ಬಂದು ಸಿಕ್ಕ ಸಿಕ್ಕಲ್ಲಿ ಕೂತರು.
ಟೀಚರ ಪಕ್ಕ ಭವ್ಯ, ಇಬ್ಬರಿಗೂ ಸೇರಿ ಒಂದೇ ಕಡಲೆಕಾಯಿ ಪೊಟ್ಟಣ.
ನಂದೀಶನ ಪಕ್ಕ ಯೋಗೇಶ, ಇಬ್ಬರೂ ಕ್ರಿಕೆಟ್ ಮಾತಾಡುತ್ತ,
ಬೇರೇನೂ ಮಾತಾಡದಿರಲು.
ಚಿಂಟುಗೆ ನಿದ್ದೆ. ಅಂಚೆ ಬಂದ್.

ಎಲ್ಲ ಗುಟ್ಟೂ ಬಿಚ್ಚುವ ಹೊತ್ತು.
ನಾಯಕಿ ಬಾಯಿ ತೆರೆದಳು, ಕರೆಂಟು ಹೋಯಿತು.
ಕತ್ತಲು. ಸಿಳ್ಳೆ. ಜನರೇಟರಿಗೆ ಯಾರೋ ಬೈದರು.
ನನ್ನ ಕೈ ಮೇಲೆ ಒಂದು ಕೈ ಬಂತು,
ಒಣ ಕಬ್ಬಿನ ಸೋಗೆಯಂಥ ಕೈ, ಎಲೆಯಡಿಕೆ ವಾಸನೆ.
"ಮಾದಯ್ಯ, ಬಂದ್ಯಾ?" ಅಂದಳು ಅಜ್ಜಿ.
"ವಸಿ ಹಂಗೇ ಕೂತ್ಕೋ."

ನನ್ನ ತಾತನ ಹೆಸರು ಬೋರೇಗೌಡ.

ನಾನು ಹಂಗೇ ಕೂತೆ.

ದೀಪ ಬಂದಾಗ ಎಲ್ಲರ ಕೈ ಅವರವರ ತೊಡೆ ಮೇಲೆ.
ಅಷ್ಟು ನೀಟಾಗಿ ಇರಬಾರದಿತ್ತು.
ಮಿಷನ್ನು ಮತ್ತೆ ಏಳಲಿಲ್ಲ, ಅರ್ಧ ದುಡ್ಡು ವಾಪಸ್.
ಮಂಚದ ಕೆಳಗಿನ ಭಾವ ಏನಾದನೋ ಯಾರಿಗೂ ಗೊತ್ತಿಲ್ಲ.

ಹೊರಗೆ ರಸ್ತೆ ತುಂಬ ಕಬ್ಬಿನ ಲಾರಿ.
ಅಜ್ಜಿ ಸೆರಗು ಕೊಡವಿದಳು:
"ಪಿಚ್ಚರ್ ಚೆಂದಾಗಿತ್ತು ಕಣವ್ವ. ಜನ ವಸಿ ಜಾಸ್ತಿ ಆದ್ರು."

ಸುಮೋ ಬಾಗಿಲು ತೆಗೆದು ಡ್ರೈವರು ನಿಂತಿದ್ದಾನೆ.
ಬರುವಾಗ ಹತ್ತು ಜನ, ಈಗ ಹನ್ನೊಂದು.
ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.